ಎಂಬತ್ತನಾಲ್ಕು ಕೆಜಿಯ ಧಣಿ

ಬಡೇಸಾಬನ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಮಾತು ಬರುತ್ತದೆ. ಸಿರುಗುಪ್ಪದ ಹತ್ತಿರ ತುಂಗಭದ್ರೆಯ ದೋಣಿ ಘಟ್ಟದಲ್ಲಿ ಅವನು ಮೂವತ್ತು ವರ್ಷ ಹರಿಗೋಲು ನಡೆಸಿದವನು. ಅದೇ ಘಟ್ಟದ ಮೇಲೆ ಮಿರ್ಚಿ, ಮಂಡಕ್ಕಿ ಒಗ್ಗರಣಿ ಮಾಡುವ ಚನ್ನಬಸಮ್ಮ ಅಂದರೆ ನಾನು. ಆಚೆ ದಡಕ್ಕೆ ಭತ್ತದ ನಾಟಿಗೆ ಹೋಗುವ ಹೆಂಗಸರೆಲ್ಲ ನನ್ನಲ್ಲಿ ತಿಂದು, ಅವನ ಬಿದಿರಿನ ದುಂಡು ದೋಣಿಯಲ್ಲಿ ದಾಟುತ್ತಿದ್ದರು.

ಅವನ ಪರವಾನಗಿ ಚೀಟಿಯಲ್ಲಿ, ಅವನೂ ಸೇರಿ ಮೂರು ಕ್ವಿಂಟಲ್ ಮಾತ್ರ ಎಂದು ಬರೆದಿತ್ತು. ಮಹರಾಯ ಅದನ್ನು ನಂಬಿಬಿಟ್ಟಿದ್ದ! ಹತ್ತಲು ಬಂದವರನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದರೆ ಸಾಕು, ಕರಾರುವಾಕ್ಕಾಗಿ ತೂಕ ಹೇಳುತ್ತಿದ್ದ. ಐದು ಹೆಂಗಸರಾದ ಮೇಲೆ ಇನ್ನೊಬ್ಬರನ್ನು ಹತ್ತಿಸುತ್ತಿರಲಿಲ್ಲ. "ಸುವರ್ಣಮ್ಮ, ಇಳೀರಿ. ನೀವು ಅರವತ್ತೊಂದು ಅದೀರಿ, ಮ್ಯಾಲ ಬುತ್ತಿ ಗಂಟು ಬ್ಯಾರೆ" ಎಂದು ಎಲ್ಲರೆದುರು ಅಂದು ಅವಳಿಂದ ದಿನಾ ಬೈಸಿಕೊಳ್ಳುತ್ತಿದ್ದ.

ಅದು ಗಣಿಯ ಕಾಲ. ಬಳ್ಳಾರಿಯಲ್ಲಿ ಹದಿನಾರು ಟನ್ನಿನ ಚೀಟಿ ಹಿಡಿದ ಲಾರಿ ಇಪ್ಪತ್ತೈದು ಟನ್ ಅದಿರು ಹೊತ್ತು ಸುಸೂತ್ರವಾಗಿ ಹೋಗುತ್ತಿತ್ತು. ಚೀಟಿಗೂ ತೂಕಕ್ಕೂ ಏನೋ ಸಂಬಂಧವಿರಬೇಕು ಎಂದುಕೊಂಡಿದ್ದವನು ಜಿಲ್ಲೆಗೆಲ್ಲ ಇವನೊಬ್ಬನೇ ಇರಬೇಕು.

ಕುರುಗೋಡಿನ ಎರ್ರಣ್ಣ ಅದಕ್ಕೆ ಆರು ವರ್ಷ ಮೊದಲು ಹತ್ತಿ ತೂಗಿಸುವ ದಲ್ಲಾಳಿ. ಆ ಹೊತ್ತಿಗೆ ಗಣಿ ಧಣಿ. ವಿದೇಶದ ಸಮುದ್ರದಲ್ಲಿ ಜನ ಉದ್ದುದ್ದ ಹಲಗೆಗಳ ಮೇಲೆ ನಿಂತು ಹುಟ್ಟು ಹಾಕುತ್ತ ಪಂದ್ಯ ಆಡುವುದನ್ನು ಕಂಡು ಬಂದು, ತನಗೊಂದು, ತನ್ನ ಭಾವಮೈದುನನಿಗೊಂದು ಹಲಗೆ ತರಿಸಿದ. ಎರಡು ಹಲಗೆಗೆ ಒಂದು ಲಾರಿ, ಅದರ ಹಿಂದೆ ಕಾವಲಿಗೆ ಜೀಪು! ಜೀಪಿನಿಂದಿಳಿದವನು ಧಣಿಯ ಮ್ಯಾನೇಜರ್ ಗವಿಸಿದ್ದೇಶ.

"ಯಾವುದು ಜೋರು ಓಡತೈತಿ, ಯಾವುದು ಹೇಳಿದಂಗ ಕೇಳತೈತಿ, ನೋಡಿ ಹೇಳು. ಹುಟ್ಟಿದಹಬ್ಬಕ್ಕ ಧಣಿ ಇಲ್ಲೇ ರೇಸ್ ಮಾಡ್ತಾರ. ಧಣಿಗೆ ಖುಷಿ ಆತು ಅಂದ್ರ ನಿನ್ನ ಘಟ್ಟ ನಿನಗ ಉಳೀತೈತಿ" ಎಂದು ಬಡೇಸಾಬನಿಗೆ ಹೇಳಿದ.

ಬಡೇಸಾಬ ಕೂಡಲೇ ಒಪ್ಪಿದ. ಆ ದಂಡೆಯ ಮರಳಿನ ಗುತ್ತಿಗೆ ಆ ವರ್ಷ ಧಣಿಯ ಪಾಲಾಗಿತ್ತು. ಲಾರಿಗಳು ಇಳಿಯುವುದು ಘಟ್ಟದಲ್ಲೇ ಎಂದಾದರೆ ಹರಿಗೋಲು ಕಟ್ಟಲು ಜಾಗವೇ ಇರುತ್ತಿರಲಿಲ್ಲ. ಆ ಮನುಷ್ಯನಿಗೆ ಬೇರೆ ಕಸುಬೂ ಗೊತ್ತಿರಲಿಲ್ಲ.

ಮೊದಲ ದಿನ ಹಲಗೆಯಿಂದ ಏಳು ಸಲ ಬಿದ್ದ. ನಗುತ್ತ ನಿಂತು ನಾನು ಒಂದು ಬಾಣಲೆ ಮಿರ್ಚಿ ಸೀಯಿಸಿದೆ. ಮೂರನೆಯ ದಿನಕ್ಕೆ ನೆಟ್ಟಗೆ ನಿಂತ. ಕೆಂಪು ಹಲಗೆ ಹದಿನಾಲ್ಕು ಅಡಿ ಉದ್ದ, ಅಗಲ ಮೂರು ಗೇಣೂ ಇಲ್ಲ. ನೀಲಿಯದು ಒಂದೂವರೆ ಅಡಿ ಗಿಡ್ಡ, ಆದರೆ ಹೊಟ್ಟೆ ಅಗಲ. ಅವನ ಬಳಿ ಗಡಿಯಾರವಿರಲಿಲ್ಲ. ಬಾಯಲ್ಲಿ ಬೀಡಿ ಕಚ್ಚಿಕೊಂಡು ಹೊಳೆ ದಾಟುತ್ತಿದ್ದ. ಕೆಂಪಿಗೆ ಅರ್ಧ ಬೀಡಿ, ನೀಲಿಗೆ ಮುಕ್ಕಾಲು, ಅವನ ಹರಿಗೋಲಿಗೆ ಎರಡು.

ತಿರುಗಿಸುವುದನ್ನು ನೋಡಲು ನಡು ಹೊಳೆಯ ಬಂಡೆಯನ್ನು ಸುತ್ತಿದ. ನೀಲಿ ನಿಂತಲ್ಲೇ ತಿರುಗಿತು. ಕೆಂಪು ಮುನಿದ ಎತ್ತಿನ ಹಾಗೆ ನೆಟ್ಟಗೇ ಹೋಯಿತು. ಎರಡು ಹೆಜ್ಜೆ ಹಿಂದೆ ಸರಿದು ಬಾಲ ಮುಳುಗಿಸಿದರೆ ಮೂಗೆತ್ತಿ ಗರಕ್ಕನೆ ತಿರುಗುತ್ತದೆ ಎಂದು ಅವನೇ ಕಂಡುಹಿಡಿದ. ಕಾಲು ಒಂದು ಬೆರಳು ಆಚೀಚೆಯಾದರೆ ಮಾತ್ರ ಸವಾರ ನೀರು ಪಾಲು.

ಇಷ್ಟಕ್ಕೆ ನಿಲ್ಲಿಸಬಾರದಿತ್ತೇ? ದೋಣಿಯನ್ನು ಭಾರ ಹಾಕದೆ ಒಪ್ಪಬಾರದು ಎಂಬುದು ಹರಿಗೋಲಿನವರ ಕ್ರಮ. ಧಣಿಯನ್ನು ನಾವ್ಯಾರೂ ಕಂಡಿರಲಿಲ್ಲ. ಕಂಡದ್ದು ಕಾರಿನ ಕರಿ ಗಾಜು. "ಧಣಿ ತೂಕ ಎಷ್ಟ್ರೀ?" ಎಂದು ಬಡೇಸಾಬ ಕೇಳಿದ್ದಕ್ಕೆ ಮ್ಯಾನೇಜರ್ ಬೆವೆತುಬಿಟ್ಟ. ಎರಡು ದಿನ ಬಿಟ್ಟು, ಟೈಪು ಮಾಡಿ ಸೀಲು ಹೊಡೆದ ಚೀಟಿ ಬಂತು: ಎಂಬತ್ತನಾಲ್ಕು ಕೆಜಿ.

ಬಡೇಸಾಬ ಐವತ್ತೆರಡು ಕೆಜಿಯ ಆಳು. ಮೂವತ್ತೆರಡು ಕೆಜಿ ಮರಳಿನ ಚೀಲ ಮುಂದಿಟ್ಟುಕೊಂಡು ಎರಡರ ಮೇಲೂ ಹೋಗಿ ಬಂದು ತೀರ್ಪು ಕೊಟ್ಟ: "ಎಂಬತ್ತನಾಲ್ಕಕ್ಕ ಕೆಂಪು. ಹತ್ತು ಕೆಜಿ ಹೆಚ್ಚಾದ್ರೂ ನೀಲಿ."

"ಲೇ, ಗಣಿಯವರ ಚೀಟಿ ನಂಬತೀಯೇನು?" ಅಂದೆ.

"ಸೀಲು ಹೊಡದಾರಲ್ಲಕ್ಕ" ಅಂದ. ಇಂಥವನಿಗೆ ಏನು ಹೇಳೋಣ!

ಹುಟ್ಟುಹಬ್ಬದ ದಿನ ಶಾಮಿಯಾನ, ಬ್ಯಾಂಡು, ಬಳ್ಳಾರಿಯಿಂದ ಬಂದ ಫೋಟೋದವರು. ಕರಿ ಗಾಜಿನ ಬಾಗಿಲು ತೆರೆದು ಧಣಿ ಇಳಿದ. ಬಡೇಸಾಬ ಅವನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದ. ಆ ನೋಟ ನನಗೆ ಗೊತ್ತು. ಬಾಯಿ ಮುಚ್ಚಿಕೊಳ್ಳೋ ಪುಣ್ಯಾತ್ಮ ಎಂದು ದೂರದಿಂದಲೇ ಕೈಮುಗಿದೆ, ಅವನು ನನ್ನ ಕಡೆ ನೋಡಲಿಲ್ಲ.

"ಧಣೀ, ಕೆಂಪು ಬ್ಯಾಡ್ರಿ, ನೀಲಿ ತಗೋರಿ. ನೀವು ಒಂದು ಕ್ವಿಂಟಲ್ ಹನ್ನೆರಡು ಅದೀರಿ."

ಬ್ಯಾಂಡು ನಿಂತಿತು. "ಚೀಟಿಯಾಗ ಎಂಬತ್ತನಾಲ್ಕು ಐತಿ!" ಎಂದು ಗವಿಸಿದ್ದೇಶ ಕೂಗಿದ. ಧಣಿ ಹೊಳೆಯನ್ನೂ ನೋಡಲಿಲ್ಲ, ಹಲಗೆಯನ್ನೂ ನೋಡಲಿಲ್ಲ. ಮ್ಯಾನೇಜರನ ಮಾತಿಗೆ ತಲೆಯಾಡಿಸಿ ಕೆಂಪನ್ನೇ ಹತ್ತಿದ.

ಐದು ಸಲ ಹುಟ್ಟು ಹಾಕಿ, ಜನರತ್ತ ಕೈಬೀಸಿದ. ಹಲಗೆ ಮಗುಚಿತು. ಭಾವಮೈದುನ ನೀಲಿಯ ಮೇಲೆ ಹಾಯಾಗಿ ಆಚೆ ದಡ ಮುಟ್ಟಿದ. ಬಡೇಸಾಬ ಹರಿಗೋಲು ಬಿಚ್ಚುವಷ್ಟರಲ್ಲಿ, ನಿಷ್ಠೆ ತೋರಿಸಬೇಕಲ್ಲ, ಮ್ಯಾನೇಜರನೂ ಧಣಿಯ ಗನ್‌ಮ್ಯಾನನೂ ಅದರೊಳಗೆ ಹಾರಿ ಕೂತರು. ಇಳಿಸಲು ಹೊತ್ತಿರಲಿಲ್ಲ. ನೀರು ಕುಡಿದ ಧಣಿಯನ್ನು ಮೂವರೂ ಎಳೆದು ಹಾಕಿಕೊಂಡು ದಡಕ್ಕೆ ತಂದರು. ಫೋಟೋ ಚೆನ್ನಾಗಿ ಬಂತು. ಜೀವ ಉಳಿಸಿದ್ದಾನೆ, ಇನ್ನು ಘಟ್ಟಕ್ಕೆ ಭಯವಿಲ್ಲ ಎಂದು ನಾನು ಪೆದ್ದಿ ಎಲ್ಲರಿಗೂ ಬಿಟ್ಟಿ ಮಿರ್ಚಿ ಹಂಚಿದೆ.

ಎಂಟು ದಿನಕ್ಕೆ ತಾಲೂಕು ಕಚೇರಿಯಿಂದ ನೋಟೀಸು ಬಂತು. ಬಡೇಸಾಬನ ಮಗಳು ಇರ್ಫಾನಾ ನನ್ನ ಅಂಗಡಿಯಲ್ಲೇ ಓದಿದಳು. ಪರವಾನಗಿ ಮೀರಿ ಒಂಬತ್ತು ಕೆಜಿ ಹೆಚ್ಚು ಭಾರ ಹಾಕಿದ್ದರಿಂದ ಘಟ್ಟದಲ್ಲಿ ಹರಿಗೋಲು ಬಂದ್. ಬಡೇಸಾಬ ಐವತ್ತೆರಡು, ಮ್ಯಾನೇಜರ್ ಎಪ್ಪತ್ತನಾಲ್ಕು, ಗನ್‌ಮ್ಯಾನ್ ಎಪ್ಪತ್ತೊಂದು, ಎರ್ರಣ್ಣನವರು ನೂರಾ ಹನ್ನೆರಡು. ಆಧಾರ: ಧಣಿಯ ತೂಕವನ್ನು ಸದರಿ ಬಡೇಸಾಬನೇ ಸಾರ್ವಜನಿಕರೆದುರು ಹೇಳಿದ್ದು.

ನನ್ನ ಮೈ ಉರಿದುಹೋಯಿತು. "ಸೀಲು ಹೊಡದ ಚೀಟಿ ನಿನ್ನ ಹತ್ರ ಐತಲ್ಲೋ! ಎಂಬತ್ತನಾಲ್ಕು ಅಂತ ತೋರಿಸು. ಒಟ್ಟು ಎರಡುನೂರಾ ಎಂಬತ್ತೊಂದೇ ಆಗತೈತಿ, ಘಟ್ಟ ಉಳೀತೈತಿ. ಹೋಗು, ಈಗಲೇ ಹೋಗು!"

ಇರ್ಫಾನಾ ಓಡಿಹೋಗಿ ಮನೆಯಿಂದ ಆ ಚೀಟಿ ತಂದಳು. ಬಡೇಸಾಬ ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ನೋಟೀಸು ಹಿಡಿದು, ತೂಗುವವನ ಹಾಗೆ ನೋಡಿದ. ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಚೀಟಿಯನ್ನು ನನ್ನ ಒಲೆಗೆ ಹಾಕಿದ.

"ನೋಟೀಸಿನಾಗ ತೂಕ ಸರಿಯಾಗಿ ಬರದಾರಕ್ಕ" ಅಂದ.

ಎದ್ದು ಹೋಗಿ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿದ.