ಗುಳಿಗಿ ಕೊಡಬ್ಯಾಡ

ದೆವ್ವ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ಆದರೆ ಒಂದು ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೆಯೇ ಹೇಳಿಬಿಡುತ್ತೇನೆ.

ಎಂಬತ್ತರ ದಶಕ. ಧಾರವಾಡದ ಕಡೆಯವನಾದ ನಾನು ಕೆಜಿಎಫ್‌ನಲ್ಲಿ ಕಾರ್ಖಾನೆ ನೌಕರ. ಅಲ್ಲಿನ ಕೋರಮಂಡಲ್ ಬಡಾವಣೆಯಲ್ಲಿ ಬಾಡಿಗೆ ಮನೆ. ಸುತ್ತಲೂ ತಮಿಳು, ತೆಲುಗು. ನಮ್ಮ ಕಡೆಯ ಮಾತಾಡಲು ನನಗೆ ಹೆಂಡತಿ ಸಾವಿತ್ರಿ, ಅವಳಿಗೆ ನಾನು, ಅಷ್ಟೇ. ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಆ ಮಾತೂ ಕಡಿಮೆಯಾಯಿತು. ಊರಿಗೆ ಬರೆಯಬೇಡಿ ಎಂದಿದ್ದಳು. ನೆರೆಯವರಿಗೂ ಹೇಳಿರಲಿಲ್ಲ.

ಬೆಂಗಳೂರಿನ ಡಾಕ್ಟರು ಬುಸಲ್ಫಾನ್ ಎಂಬ ಮಾತ್ರೆ ಕೊಟ್ಟಿದ್ದರು. ಮೂಳೆಯೊಳಗಿನ ಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಮಿತಿಮೀರಿ ಹುಟ್ಟುತ್ತಿವೆ, ಮಾತ್ರೆ ಆ ಹುಟ್ಟನ್ನೇ ತಗ್ಗಿಸುತ್ತದೆ. ರೋಗ ಹೋಗುವುದಿಲ್ಲ, ಹತೋಟಿಗೆ ಬರುತ್ತದೆ ಎಂದಿದ್ದರು. "ವಾರವಾರ ರಕ್ತ ಪರೀಕ್ಷೆ ತಪ್ಪಿಸಬೇಡಿ. ನಿಲ್ಲಿಸಿದ ಮೇಲೂ ಇದು ವಾರಗಟ್ಟಲೆ ಒಳಗೆ ಕೆಲಸ ಮಾಡುತ್ತದೆ. ತಡವಾದರೆ ಬೇಕಾದ ಕಣಗಳೂ ಉಳಿಯುವುದಿಲ್ಲ."

ಪರೀಕ್ಷೆಗೆ ಬಂಗಾರಪೇಟೆಗೆ ಹೋಗಬೇಕಿತ್ತು. ಎರಡು ತಿಂಗಳಲ್ಲಿ ಅವಳ ಹೊಟ್ಟೆಯ ಊತ ಇಳಿಯಿತು, ಊಟ ಸೇರಿತು. ಆ ಖುಷಿಯಲ್ಲಿ ಎರಡು ವಾರ ತಪ್ಪಿಸಿದೆ. ತಪ್ಪು ನನ್ನದೇ.

ಆ ದಿನ ಊಟವಾದ ಮೇಲೆ ಮಾತ್ರೆ, ನೀರು ಹಿಡಿದು ಅವಳ ಕೋಣೆಗೆ ಹೊರಟಿದ್ದೆ. ಬೀದಿ ಬಾಗಿಲಲ್ಲಿ ಪಕ್ಕದ ಮನೆಯ ಮುನಿಯಮ್ಮ ನಿಂತಿದ್ದಳು. ತೆಲುಗಿನ ಮುದುಕಿ, ಕನ್ನಡ ಅರ್ಧಂಬರ್ಧ. ನನ್ನನ್ನೇ ನೋಡುತ್ತ, "ಆಕಿಗೆ ಗುಳಿಗಿ ಕೊಡಬ್ಯಾಡೋ ತಮ್ಮಾ. ಸಾಕಾಗೇದ," ಎಂದಳು.

ಮಾತ್ರೆಗೆ ಗುಳಿಗಿ ಎನ್ನುವ ಅಪ್ಪಟ ನಮ್ಮೂರ ಮಾತು! ನನ್ನ ಕೈಯ ನೀರು ಚೆಲ್ಲಿತು. ತಲೆಯೆತ್ತುವಷ್ಟರಲ್ಲಿ ಬಾಗಿಲಲ್ಲಿ ಯಾರೂ ಇಲ್ಲ.

ಒಳಗಿನಿಂದ ಸಾವಿತ್ರಿ ಕೇಳಿದಳು, "ಯಾರ್ರೀ ಅದು? ನಮ್ಮ ಕಡಿಯವ್ರು ಬಂದಾರೇನ್ರೀ?" ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಆಸೆಯಿತ್ತು.

ಮಾತ್ರೆ ಕೊಡಲಿಲ್ಲ. ಅವಳನ್ನು ಬಂಗಾರಪೇಟೆಗೆ ಕರೆದೊಯ್ದೆ. ಕಣಗಳ ಲೆಕ್ಕ ತೀರಾ ಇಳಿದಿತ್ತು. ಮರುದಿನ ಬೆಂಗಳೂರಿನಲ್ಲಿ ಡಾಕ್ಟರು ಚೀಟಿ ನೋಡಿ, "ಇನ್ನೊಂದು ವಾರ ನುಂಗಿದ್ದರೆ ನಾನೇನೂ ಮಾಡುವ ಹಾಗಿರಲಿಲ್ಲ," ಎಂದರು.

ಮುನಿಯಮ್ಮನಿಗೆ ಕೈಮುಗಿಯಲು ಹೋದೆ. ಅವಳು ಕಕ್ಕಾಬಿಕ್ಕಿಯಾದಳು. "ನಾನ್ಯಾವಾಗ ಬಂದ್ನಪ್ಪಾ? ಯಾರ್ಗೆ ಮಾತ್ರೆ? ಅಮ್ಮಂಗೆ ಏನಾಯ್ತು?" ಗುಳಿಗಿ ಎಂದರೇನು ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಅವಳ ಜಗಲಿಯಲ್ಲಿ ಕೂತು, ಮೊದಲ ಸಲ ಇನ್ನೊಬ್ಬರೆದುರು ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ.

ಸಾವಿತ್ರಿ ಮತ್ತೆ ನಾಲ್ಕು ವರ್ಷ ಬದುಕಿದಳು. ಅವಳು ಹೋದ ಮೇಲೆ ಎಷ್ಟೋ ಮಧ್ಯಾಹ್ನ ಬಾಗಿಲು ತೆರೆದಿಟ್ಟು ಕೂತಿದ್ದೇನೆ. ಅಂದು ಬಂದವರು ಯಾರೆಂದು ತಿಳಿಯಲಿಲ್ಲ. ಮತ್ತೆ ಯಾರೂ ಬರಲೂ ಇಲ್ಲ.