ಅಪ್ಪನ ವಿಚ್ಚೇ

ಮಿಮಿಕ್ರಿ ಮಾಡುವವನ ಕೈಗೆ ಮೊದಲು ಸಿಕ್ಕಿಬೀಳುವವರು ಮನೆಯವರು. ನನ್ನ ಕೈಗೆ ಸಿಕ್ಕವರು ಅಪ್ಪ. ಫೋರ್ಟ್ ಪೇಟೆಯ ಉಡುಪಿ ಹೋಟೆಲೊಂದರ ಕೌಂಟರಿನಲ್ಲಿ ಮೂವತ್ತು ವರ್ಷ ಕೂತವರು. ಪ್ರತಿ ಬೆಳಿಗ್ಗೆ ಸ್ನಾನ ಮುಗಿಸಿ, ಆಂಟಾಪ್ ಹಿಲ್‌ನ ನಮ್ಮ ಒಂದೂವರೆ ಕೋಣೆಯ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು, ಚಾಮುಂಡಿಯ ಮಂತ್ರವನ್ನು ನೂರೆಂಟು ಸಲ ಗಟ್ಟಿಯಾಗಿ ಹೇಳದೆ ಅವರು ಚಪ್ಪಲಿ ಮೆಟ್ಟಿದವರಲ್ಲ. ಓಂ ಐಂ ಹ್ರೀಂ ಕ್ಲೀಂ ಚಾಮುಂಡಾಯೈ ವಿಚ್ಚೇ.

ಜಪದ ನಡುವೆ ಮಾತಾಡಬಾರದು. ಆದರೆ ನಲ್ಲಿಯಲ್ಲಿ ನೀರು ಬರುವುದು, ಹಾಲು ಉಕ್ಕುವುದು, ನಾನು ಶಾಲೆಗೆ ಹೊರಡುವುದು ಎಲ್ಲ ಅದೇ ಹೊತ್ತಿಗೆ. ಅದಕ್ಕೆ ಅಪ್ಪ ಕಂಡುಕೊಂಡ ಉಪಾಯ ಕೊನೆಯ ‘ವಿಚ್ಚೇ’. ಅದನ್ನು ಉದ್ದಕ್ಕೆ ಮೇಲೆಳೆದರೆ ಹಾಲು ಉಕ್ಕುತ್ತಿದೆ. ಮೊಟಕಾಗಿ ಕತ್ತರಿಸಿದರೆ ಬಕೆಟ್ ತುಂಬಿದೆ. ಮೂಗಿನಿಂದ ಬಂದರೆ ನಾನು ಅಂಗಿಯ ಗುಂಡಿ ತಪ್ಪಾಗಿ ಹಾಕಿದ್ದೇನೆ. ಲೋಕ ಕಾಯುವ ದೇವಿ ನಮ್ಮಲ್ಲಿ ಹಾಲನ್ನೂ ಕಾಯುತ್ತಿದ್ದಳು.

ಇಂಥ ಮಾಲು ಸಿಕ್ಕ ಮೇಲೆ ನಾನು ಸುಮ್ಮನಿರುತ್ತೇನೆಯೇ? ದೊಡ್ಡವನಾಗಿ ಬೊರಿವಲಿಯ ಕಾಲ್ ಸೆಂಟರಿಗೆ ಕೆಲಸಕ್ಕೆ ಹೋಗುವಾಗ ಲೋಕಲ್‌ನಲ್ಲಿ ದಿನಾ ಇದೇ ಶೋ.

“ಏ ಅಣ್ಣಾ, ಪಪ್ಪಾವಾಲಾ ಮಂತ್ರ ಸುನಾ ನಾ. ವೋ ದೂಧ್‌ವಾಲಾ!”

ಹಾಲು ಉಕ್ಕುವ ಆ ‘ವಿಚ್ಚೇ’ಯನ್ನು ಅಪ್ಪನ ದನಿಯಲ್ಲೇ ಎಳೆಯುತ್ತಿದ್ದೆ. ರೈಲಿನ ಡಬ್ಬಿಯೇ ನಗುತ್ತಿತ್ತು. ಒಬ್ಬ ಒಮ್ಮೆ ಅರ್ಥ ಕೇಳಿದ, “ಇಸ್ಕಾ ಮತ್ಲಬ್ ಕ್ಯಾ ಹೈ?”

“ಮತ್ಲಬ್? ಗ್ಯಾಸ್ ಬಂದ್ ಕರ್!”

ಮತ್ತೆ ನಗು. ನಿಜ ಹೇಳಬೇಕೆಂದರೆ ನನಗೆ ಗೊತ್ತಿದ್ದ ಅರ್ಥವೂ ಅಷ್ಟೇ.

ಆಮೇಲೆ ಅಪ್ಪನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗ ಮಾತೆಲ್ಲ ಗೆರೆ ಎಳೆದ ಒಂದು ನೋಟ್ ಪುಸ್ತಕದಲ್ಲಿ, ಬಾಲ್‌ಪೆನ್ನಿನಲ್ಲಿ. ಮೂವತ್ತು ದಿನ ರೇಡಿಯೇಷನ್ ಆಗಬೇಕು, ನಡುವೆ ಬಿಟ್ಟರೆ ಕಾಯಿಲೆ ತಿರುಗಿ ಬರಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ನಾಲ್ಕು ದಿನ ಹೋದರು. ಐದನೆಯ ಬೆಳಿಗ್ಗೆ ಕುರ್ಚಿ ಬಿಟ್ಟು ಏಳಲಿಲ್ಲ.

“ಇವತ್ತು ಬರುದಿಲ್ಲವಂತೆ,” ಎಂದಳು ಅಮ್ಮ. “ನೀನೇ ಕೇಳು ಮಾರಾಯ. ನನಗೆ ಸಾಕಾಯ್ತು.”

“ಎಂತಪ್ಪಾ, ಸಿಕ್ ಲೀವಾ?” ಎಂದೆ. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ. ಹಿಂದಿನ ದಿನ ಎಂಟು ಗಂಟೆ ಫೋನಿನಲ್ಲಿ ಬೇರೆಯವರ ಬೈಗುಳ ಕೇಳಿ ಬಂದ ಕಿವಿ ಇನ್ನೂ ಗುಂಯ್ ಎನ್ನುತ್ತಿತ್ತು.

ಅಪ್ಪ ಬರೆದರು: ಮಂತ್ರ ಹೇಳದೆ ಹೊರಟರೆ ಆಗುವುದಿಲ್ಲ.

“ಮನಸ್ಸಲ್ಲೇ ಹೇಳಿ. ಅದೇ ಇನ್ನೂ ಒಳ್ಳೆಯದಂತಲ್ಲ?”

ಮತ್ತೆ ಬರೆದರು: ಮನಸ್ಸಲ್ಲಿ ನಿಲ್ಲುವುದಿಲ್ಲ. ಆ ಮುಖವಾಡ ಬರುತ್ತದೆ.

ಮುಖವಾಡ ಎಂದರೆ, ರೇಡಿಯೇಷನ್ ಕೊಡುವಾಗ ತಲೆ ಅಲ್ಲಾಡದ ಹಾಗೆ ಮುಖದ ಅಚ್ಚಿನಲ್ಲೇ ಮಾಡಿದ ಪ್ಲಾಸ್ಟಿಕ್ ಜಾಲರಿ. ಅದನ್ನು ಮುಖದ ಮೇಲಿಟ್ಟು ಮಂಚಕ್ಕೆ ಬಿಗಿದು, ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗೆ ಕೂಗಲು ಅಪ್ಪನಿಗೆ ದನಿಯೂ ಇಲ್ಲ. ನಾಲ್ಕು ದಿನ ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

“ನೀನು ಹೇಳು,” ಎಂದಳು ಅಮ್ಮ. “ರೈಲಲ್ಲಿ ಊರಿಗೆಲ್ಲ ಹೇಳ್ತೀಯಲ್ಲ, ಅವರಿಗೂ ಒಮ್ಮೆ ಹೇಳು.”

ಅಮ್ಮನಿಗೆ ಗೊತ್ತಿತ್ತು. ಎಂದರೆ ಅಪ್ಪನಿಗೂ. ನನ್ನ ಮುಖ ಎಲ್ಲಿಡಲಿ? ಇದ್ದದ್ದು ಒಂದೂವರೆ ಕೋಣೆ.

“ಮೊದಲು ಅರ್ಥ ಹೇಳಿ,” ಎಂದೆ, ಸಮಯ ತಳ್ಳಲು.

ಅಪ್ಪ ಹೊಸ ಪುಟ ತಿರುಗಿಸಿದರು. ಆರ್ಡರ್ ಬರೆದುಕೊಳ್ಳುವ ಹಾಗೆ ಒಂದರ ಕೆಳಗೊಂದು: ಐಂ, ಅರಿವು. ಹ್ರೀಂ, ಶಕ್ತಿ. ಕ್ಲೀಂ, ಬಯಕೆ. ಚಾಮುಂಡಾ, ಚಂಡ ಮುಂಡರ ತಲೆ ತೆಗೆದವಳು. ವಿಚ್ಚೇ, ಬಿಗಿದದ್ದನ್ನು ಕಡಿ. ಸ್ವಲ್ಪ ಯೋಚಿಸಿ ಕೆಳಗೆ ಸೇರಿಸಿದರು: ಬೇರೆಯವರು ಬೇರೆ ಹೇಳುತ್ತಾರೆ. ನನಗೆ ಇಷ್ಟು ಸಾಕು.

‘ವಿಚ್ಚೇ’ಯ ಸಾಲನ್ನು ಎರಡು ಸಲ ಓದಿದೆ. ಇದನ್ನೇ ನಾನು ಡಬ್ಬಿ ತುಂಬ ಎಳೆದು ನಗಿಸುತ್ತಿದ್ದದ್ದು.

ಕೈಕಾಲು ತೊಳೆದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ನನ್ನ ದನಿಯಲ್ಲಿ ಶುರುಮಾಡಿದರೆ ಯಾರೋ ಬಾಡಿಗೆ ಭಟ್ಟನ ಹಾಗೆ ಕೇಳಿಸಿತು. ಅಪ್ಪ ಅಲ್ಲವೆಂದು ತಲೆಯಾಡಿಸಿ ತಮ್ಮ ಎದೆಯನ್ನು ತಟ್ಟಿ ತೋರಿಸಿದರು. ಸರಿ ಎಂದು ಅವರ ದನಿಯನ್ನೇ ತೆಗೆದೆ. ಆ ಕೆಮ್ಮು, ಆ ಉಸಿರು, ‘ಹ್ರೀಂ’ ಹತ್ತಿರದ ಆ ಸಣ್ಣ ನಡುಕ. ಅಮ್ಮ ಗೋಡೆಯ ಕಡೆ ತಿರುಗಿದಳು. ಅಪ್ಪ ಕಣ್ಣು ಮುಚ್ಚಿ, ಹೆಬ್ಬೆರಳನ್ನು ಬೆರಳಿನ ಗೆಣ್ಣುಗಳ ಮೇಲೆ ಸರಿಸುತ್ತ ಎಣಿಸತೊಡಗಿದರು.

ಅರವತ್ತು ದಾಟಿರಬೇಕು. ಒಲೆಯ ಮೇಲೆ ಹಾಲು ಎದ್ದಿತು. ಯೋಚಿಸಲೇ ಇಲ್ಲ, ನನ್ನ ಬಾಯಿಂದ ತಾನಾಗಿಯೇ ಬಂತು: “ವಿಚ್ಚೇ​ಏಏಏ!”

ಅಮ್ಮ ಹಾರಿ ಗ್ಯಾಸ್ ಆರಿಸಿದಳು. ಆರಿಸಿದ ಮೇಲೆ ನಿಂತು ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅಪ್ಪನ ಭುಜ ಅಲುಗುತ್ತಿತ್ತು. ಅತ್ತರೂ ನಕ್ಕರೂ ಅವರಿಂದ ಈಗ ಸದ್ದು ಬರುವುದಿಲ್ಲ, ಹಾಗಾಗಿ ಕಣ್ಣು ತೆರೆಯುವವರೆಗೆ ನನಗೆ ತಿಳಿಯಲಿಲ್ಲ. ನಗುತ್ತಿದ್ದರು.

ನನ್ನ ಲೆಕ್ಕ ತಪ್ಪಿಹೋಗಿತ್ತು. ಅವರ ಹೆಬ್ಬೆರಳು ಮಾತ್ರ ಗೆಣ್ಣಿನ ಮೇಲೇ ಇತ್ತು. ಮುಂದುವರಿಸು ಎಂದು ಗಲ್ಲ ಎತ್ತಿದರು. ಮುಗಿದಾಗ ಪುಸ್ತಕ ಮುಚ್ಚಿ ಎದ್ದು ಚಪ್ಪಲಿ ಹುಡುಕಿದರು.

ಆಸ್ಪತ್ರೆಯಲ್ಲಿ ಬಾಗಿಲು ತೆರೆದು ಬಂದ ಟೆಕ್ನಿಷಿಯನ್ ನನ್ನನ್ನು ಕರೆದ. “ಬಾಬಾ ಆಜ್ ಏಕ್‌ದಮ್ ಶಾಂತ್ ಥೇ. ಸಿರ್ಫ್ ಅಂಗೂಠಾ ಚಲ್ ರಹಾ ಥಾ. ಕುಛ್ ಗಿನ್ತೇ ಹೈ ಕ್ಯಾ?”

“ಹಾಂ,” ಎಂದೆ. ಒಳಗೂ ಅವರ ಹೆಬ್ಬೆರಳು ಎಣಿಸುತ್ತಲೇ ಇತ್ತು.

ಮತ್ಲಬ್ ಏನೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಅಪ್ಪನನ್ನು ಮನೆಗೆ ಬಿಟ್ಟು ದಾದರಿನಲ್ಲಿ ಲೋಕಲ್ ಹಿಡಿದಾಗ ನನ್ನ ಗಂಟಲು ಒಣಗಿ ಹೋಗಿತ್ತು.

“ಏ ಅಣ್ಣಾ, ದೂಧ್‌ವಾಲಾ ಸುನಾ ನಾ!”

“ಆಜ್ ನಹೀಂ ಯಾರ್. ಗಲಾ ಬೈಠ್ ಗಯಾ.”

ಗಂಟಲು ಕೂತದ್ದು ಸುಳ್ಳೇನಲ್ಲ. ಇನ್ನೂ ಇಪ್ಪತ್ತೈದು ಬೆಳಗು ಉಳಿದಿದ್ದವು, ದಿನಕ್ಕೆ ನೂರೆಂಟು. ಕಂಬಿಗೆ ತಲೆ ಆನಿಸಿ ಬೊರಿವಲಿ ಬರುವವರೆಗೂ ಬಾಯಿ ಮುಚ್ಚಿಕೊಂಡು ನಿಂತೆ.