ಕಂಬಕ್ಕೆ ಬಿಗಿದ ವಿಮಾನ

ಹೋದ ವರ್ಷ ದೀಪಾವಳಿ ಕಳೆದು ಹದಿನೈದು ದಿನವಾಗಿರಬಹುದು, ಆಗಿನ ಮಾತಿದು. ನಾನು ಹೊಳೆನರಸೀಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ಮನೆ ಹಾಸನದಲ್ಲಿ, ದಿನಾ ಬಸ್ಸಿನ ಓಡಾಟ. ಶಾಲೆಯ ಹೆಸರು ಬೇಡ. ದೆವ್ವ, ಗಾಳಿ, ಶಕುನ ಅಂದರೆ ಸಿಡಿದು ಬೀಳುವ ಹೆಂಗಸು ನಾನು. ದಾರಿಯಲ್ಲಿ ಬಿದ್ದ ನಿಂಬೆಹಣ್ಣು ದಾಟಲು ಮಕ್ಕಳು ಹೆದರಿದರೆ, ‘ಅದನ್ನೇ ಹಿಂಡಿ ಶರಬತ್ತು ಮಾಡಿ ಕುಡಿಸ್ತೀನಿ ನೋಡಿ’ ಎಂದು ಗದರಿಸಿದವಳು. ಅಂಥವಳ ಬಾಯಿ ಕಟ್ಟಿಹೋದದ್ದು ಹೇಗೆಂದು ಹೇಳುತ್ತೇನೆ.

ಹಾಸನದಲ್ಲಿ ನಡೆಯುವ ವಿಜ್ಞಾನ ವಸ್ತುಪ್ರದರ್ಶನಕ್ಕೆ ಎಲ್ಲ ಶಾಲೆಯವರೂ ಪ್ರತಿ ವರ್ಷ ಅದೇ ಜ್ವಾಲಾಮುಖಿ, ಅದೇ ಮಳೆನೀರು ಕೊಯ್ಲು ಹೊತ್ತು ತರುತ್ತಾರೆ. ಈ ಸಲ ಬೇರೆ ಏನಾದರೂ ಮಾಡಲೇಬೇಕೆಂದು ನನಗೆ ಹಟ ಬಂದಿತ್ತು. ಮೊದಮೊದಲ ವಿಮಾನಗಳನ್ನು ಗಾಳಿಯಲ್ಲಿ ವಾಲದಂತೆ ಹೇಗೆ ಕಾಯುತ್ತಿದ್ದರು ಎಂಬ ವಿಷಯ ಆರಿಸಿಕೊಂಡೆ. ಆಗ ವಿಮಾನ ನಡೆಸುವವನು ಒಂದು ಗಳಿಗೆ ಮೈಮರೆತರೂ ಒಂದು ರೆಕ್ಕೆ ಕೆಳಗೆ, ಹಿಂದೆಯೇ ವಿಮಾನವೂ ಕೆಳಗೆ. ಅದಕ್ಕೆಂದೇ ಕೆಲವರು ಒಂದು ಉಪಾಯ ಮಾಡಿದರು. ಸೀಟಿನ ಕೆಳಗೆ ಗಾರೆಯವರ ತೂಗುಗುಂಡಿನ ಹಾಗೆ ಒಂದು ಭಾರ ನೇತುಹಾಕಿ, ಅಲ್ಲಿಂದ ಎರಡೂ ರೆಕ್ಕೆಗಳ ಹಿಂದಿನ ಅಂಚಿಗೆ ತಂತಿ ಎಳೆದರು. ವಿಮಾನ ಎಡಕ್ಕೆ ವಾಲಿತು ಅನ್ನಿ, ಭಾರವೂ ಎಡಕ್ಕೆ ಸರಿಯುತ್ತದೆ, ತಂತಿ ಎಡರೆಕ್ಕೆಯ ಅಂಚನ್ನು ಕೆಳಕ್ಕೆ ಬಗ್ಗಿಸುತ್ತದೆ, ಆಗ ಆ ರೆಕ್ಕೆಗೆ ಗಾಳಿಯ ಒತ್ತು ಹೆಚ್ಚಿ ಅದು ಮೇಲೇಳುತ್ತದೆ. ವಿಮಾನ ತಿರುವು ತೆಗೆದುಕೊಳ್ಳುವಾಗ ಈ ಭಾರ ಮೋಸಹೋಗುತ್ತದೆಂದು ಮುಂದೆ ಗೈರೋಸ್ಕೋಪ್ ಎಂಬ ಗಿರಗಿರ ತಿರುಗುವ ಚಕ್ರಗಳು ಬಂದವು. ನಿಂತಲ್ಲೇ ನಿಂತಿರುವ ನಮ್ಮ ಮಾದರಿಗೆ ಭಾರವೇ ಸಾಕಿತ್ತು.

ಅದನ್ನು ಕಟ್ಟಿಕೊಟ್ಟವರು ನಮ್ಮ ಲ್ಯಾಬಿನ ಅಟೆಂಡರ್ ನಂಜಣ್ಣ. ಕಟ್ಟಾಯದ ಹತ್ತಿರದ ಹಳ್ಳಿಯವರು. ಕೈ ಅಂದರೆ ಚಿನ್ನದಂಥ ಕೈ. ಬಿದಿರಿನ ಸೀಳಿನಲ್ಲಿ ಎರಡು ಮೊಳ ಉದ್ದದ ವಿಮಾನ ಮಾಡಿದರು, ರೆಕ್ಕೆಗೆ ತಮ್ಮ ಹಳೇ ಖಾಕಿ ಯೂನಿಫಾರಂ ಬಿಚ್ಚಿ ಬಿಗಿದರು. ಎಡರೆಕ್ಕೆಯಲ್ಲಿ ಅಂಗಿಯ ಜೇಬು, ಗುಂಡಿ ಎಲ್ಲ ಹಾಗೇ ಉಳಿದಿತ್ತು. ತಕ್ಕಡಿಯ ಅರ್ಧ ಕೆ.ಜಿ. ಬಟ್ಟು ಭಾರವಾಯಿತು, ತಂತಿಯ ಬದಲು ಮೀನು ಹಿಡಿಯುವ ಟಂಗೂಸಿ ದಾರ. ಪ್ರದರ್ಶನಕ್ಕೆ ಒಯ್ಯುವ ತನಕ ಮೇಜಿನ ಮೇಲಿಡೋಣ ಎಂದೆ ನಾನು. ಅವರು ಒಪ್ಪಲಿಲ್ಲ.

“ಮೇಜು ಅಲ್ಲಾಡ್ತದೆ ಮಿಸ್. ಮಟ್ಟ ನೋಡಕ್ಕಾಗಕಿಲ್ಲ. ಕಲ್ಲುಕಂಬ ಎಂದಾರ ಅಲ್ಲಾಡೋದ್ ಕಂಡಿದ್ದೀರಾ?”

ಲ್ಯಾಬಿಗೂ ಹೊರಗಿನ ಜಗಲಿಗೂ ನಡುವಿನ ಗೋಡೆಯಲ್ಲಿ ಹಳೇ ಕಾಲದ ಒಂದು ಕಲ್ಲುಕಂಬವಿತ್ತು. ಜಗಲಿಯ ಹೆಂಚಿನ ಮಾಡೂ ಅದರ ಮೇಲೇ ನಿಂತಿತ್ತು. ಅದಕ್ಕೆ ಕಬ್ಬಿಣದ ಪಟ್ಟಿ ಸುತ್ತಿ, ಎರಡಡಿ ಮುಂದಕ್ಕೆ ಚಾಚಿದ ಸರಳಿಗೆ ವಿಮಾನವನ್ನು ಬೋಲ್ಟು ಹಾಕಿ ಬಿಗಿದರು. ಎಡರೆಕ್ಕೆ ಗೋಡೆಯ ಕಡೆಗೆ, ಬಲರೆಕ್ಕೆ ಕೋಣೆಯ ಒಳಗೆ. ಕೆಳಗೆ ಸಾಮಾನಿಡಲು ಅದೇ ಕಂಬಕ್ಕೆ ಒಂದು ಹಲಗೆ. ಗುರುವಾರ ಸಂಜೆ ಕೊನೆಯ ಗಂಟು ಹಾಕಿ, “ಒಂದ್ ಕೂದ್ಲೆಳೆನೂ ವಾಲಿಲ್ಲ, ನೋಡ್ಕಳಿ ಮಿಸ್” ಎಂದರು. ಸ್ಕೇಲು ಹಿಡಿದು ನೋಡಿದೆ, ರೆಕ್ಕೆಯ ಅಂಚು ಎರಡೂ ಕಡೆ ಸಮ ಇತ್ತು. ಬೀಗ ಹಾಕಿ ಬೀಗದಕೈಯನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ.

ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿದ್ದಾಗ ಫೋನು ಬಂತು. ರಾತ್ರಿ ಮಲಗಿದ ನಂಜಣ್ಣ ಎದ್ದಿರಲಿಲ್ಲ. ಎದೆನೋವಂತೆ. ಅರ್ಧ ದಾರಿಯಲ್ಲಿ ಇಳಿದು, ಬೇರೆ ಬಸ್ಸು ಹಿಡಿದು ಅವರ ಊರಿಗೆ ಹೋದೆ. ಅವರ ಹೆಂಡತಿ ಜವರಮ್ಮ ಅಳುತ್ತಿರಲಿಲ್ಲ, ಸುಮ್ಮನೆ ಗೋಡೆ ನೋಡುತ್ತ ಕೂತಿದ್ದರು. ಹೋಗಿ ಅವರ ಪಕ್ಕದಲ್ಲಿ ಕೂತೆ.

ಸೋಮವಾರ ಲ್ಯಾಬಿನ ಬೀಗ ತೆಗೆದೆ. ಹೊರಗೆ ಇನ್ನೂ ಮಂಜಿತ್ತು. ವಿಮಾನದ ಎಡರೆಕ್ಕೆಯ ಅಂಚು ಅರ್ಧ ಬೆರಳಿನಷ್ಟು ಕೆಳಕ್ಕೆ ಬಾಗಿತ್ತು. ಖಾಕಿ ಜೇಬಿನ ಗುಂಡಿ ನೆಲ ನೋಡುತ್ತಿತ್ತು. ಹೆದರಿಕೆಯಾಯಿತು, ಸುಳ್ಳು ಹೇಳಲಾರೆ. ಆಮೇಲೆ ನನ್ನ ಮೇಲೆ ನನಗೇ ಕೋಪ ಬಂದು, ‘ದಾರ ಹಿಗ್ಗಿರುತ್ತೆ, ಅಷ್ಟೇ’ ಎಂದುಕೊಂಡು ಗಂಟು ಬಿಚ್ಚಿ, ಬಿಗಿಮಾಡಿ, ರೆಕ್ಕೆ ಸಮ ಮಾಡಿದೆ.

ಮಂಗಳವಾರ ಬಂದು ನೋಡಿದರೆ ಮತ್ತೆ ಎಡಕ್ಕೆ. ಇಲಿ ಎಳೆದಿರಬೇಕೆಂದು ಕಿಟಕಿಗಳಿಗೆಲ್ಲ ಅಗುಳಿ ಹಾಕಿ, ಇನ್ನೊಂದು ಗಂಟು ಬಿಗಿದೆ. ಬುಧವಾರವೂ ಅದೇ. ಬೀಗದಕೈ ನನ್ನ ಬಳಿ ಬಿಟ್ಟರೆ ಯಾರ ಬಳಿಯೂ ಇಲ್ಲ. ಎಂದೂ ಬಲಕ್ಕಿಲ್ಲ, ಎಡಕ್ಕೇ.

ಗುರುವಾರವೂ ಬೆಳಿಗ್ಗೆ ಗಂಟು ಬಿಗಿದು, ಮಧ್ಯಾಹ್ನ ಒಬ್ಬಳೇ ಕೂತು ನೋಟ್ಸ್ ತಿದ್ದುತ್ತಿದ್ದೆ. ಪಕ್ಕದ ಸೈಟಿನಲ್ಲಿ ಯಾರೋ ಕಟ್ಟಡಕ್ಕೆ ಪಾಯ ತೋಡಿಸುತ್ತಿದ್ದರು. ಅಗೆಯುವ ಯಂತ್ರ ವಾರದಿಂದ ತಲೆ ತಿನ್ನುತ್ತಿತ್ತು, ಅದು ಆಗತಾನೇ ನಿಂತಿತ್ತು. ಫ್ಯಾನಿಲ್ಲ, ಗಾಳಿಯಿಲ್ಲ. ಬೆನ್ನ ಹಿಂದೆ ‘ಟಿಕ್’ ಎಂದಿತು. ತಿರುಗಿದೆ. ಬಟ್ಟು ಅಲ್ಲಾಡುತ್ತಿರಲಿಲ್ಲ. ಆದರೆ ನಾನು ನೋಡುತ್ತಿದ್ದಂತೆಯೇ ಆ ಖಾಕಿ ಅಂಚು ಇನ್ನೊಂದು ಎಳೆ ಕೆಳಗಿಳಿಯಿತು. ನನ್ನನ್ನು ಹೆಚ್ಚು ಹೆದರಿಸಿದ್ದು ಒಂದು ಯೋಚನೆ. ಇದು ಎಲ್ಲಿಗೂ ಹಾರದ ವಿಮಾನ, ಕಲ್ಲಿಗೆ ಬೋಲ್ಟು ಹಾಕಿದ ವಿಮಾನ. ಅಂಥದ್ದು ಬೀಳದಂತೆ ತನ್ನನ್ನು ಉಳಿಸಿಕೊಳ್ಳಲು ನೋಡುತ್ತಿದೆ. ಬೀಳುವುದು ಅಂದರೆ ಎಲ್ಲಿಂದ, ಎಲ್ಲಿಗೆ? ನೋಟ್ಸ್ ಅಲ್ಲೇ ಬಿಟ್ಟು ಸ್ಟಾಫ್ ರೂಮಿಗೆ ಬಂದುಬಿಟ್ಟೆ.

ಇದನ್ನು ಬಾಯಿಬಿಟ್ಟದ್ದು ನನ್ನ ತಪ್ಪು. ಬಿಸಿಯೂಟದ ಅಡುಗೆ ಮಾಡುವ ಗೌರಮ್ಮನಿಗೆ ಎಲ್ಲ ಅರ್ಥವಾಗಿಹೋಯಿತು.

“ಅವ್ರಿನ್ನೂ ಓಗಿಲ್ಲ ಕಣ್ ಮಿಸ್. ಅನ್ನೊಂದು ದಿನ ಆಗಗಂಟ ಓಗಕಿಲ್ಲ. ಅರ್ಧಂಬರ್ಧ ಮಾಡಿಟ್ಟೋದ ಕೆಲಸದ ಮ್ಯಾಲೆ ಜೀವ ಆಡ್ತೈತೆ. ಮನೇಲಿ ತಿಥಿ ಮಾಡೋ ದಿನ ನಾವೂ ಇಲ್ಲೊಂದು ಎಡೆ ಇಕ್ಕಣ, ಸಮಾಧಾನ ಆಯ್ತದೆ.”

“ಸುಮ್ನಿರಿ ಗೌರಮ್ಮ, ಲ್ಯಾಬಿನಲ್ಲಿ ಎಡೆಯಂತೆ!” ಎಂದು ರೇಗಿದೆ. ಆದರೆ ಹೆಡ್‌ಮೇಷ್ಟ್ರು, “ಮಾಡಲಿ ಬಿಡಿ ಮೇಡಂ, ನಂಜಣ್ಣ ನಮ್ಮವರೇ ಅಲ್ಲವೇ” ಎಂದುಬಿಟ್ಟರು. ನಿಜ ಹೇಳಬೇಕೆಂದರೆ ಒಳಗೊಳಗೇ ನನಗೂ ನೆಮ್ಮದಿಯಾಯಿತು. ಹನ್ನೊಂದನೇ ದಿನ ಕಳೆದರೆ ಎಲ್ಲ ಸರಿಹೋಗುತ್ತದೆ ಎಂದು, ವಿಜ್ಞಾನ ಕಲಿಸುವ ನಾನು, ಕಾಯತೊಡಗಿದೆ. ಶುಕ್ರವಾರ, ಶನಿವಾರ ಮತ್ತೆರಡು ಗಂಟು ಬಿಗಿದೆ.

ಹನ್ನೊಂದನೇ ದಿನ ಸೋಮವಾರ ಬಂತು. ಹೆಡ್‌ಮೇಷ್ಟ್ರು, ಇನ್ನಿಬ್ಬರು ಮೇಷ್ಟ್ರು ನಂಜಣ್ಣನ ಊರಿಗೆ ಹೋದರು. ಶಾಲೆ ನೋಡಿಕೊಳ್ಳಲು ನಾನು ಉಳಿದೆ. ಮಧ್ಯಾಹ್ನ ಗೌರಮ್ಮ ವಿಮಾನದ ಕೆಳಗಿನ ಹಲಗೆಯ ಮೇಲೆ ಬಾಳೆಲೆ ಹಾಸಿ ಮುದ್ದೆ, ಸಾರು, ಕಡ್ಲೆಬೀಜದ ಉಂಡೆ, ಒಂದು ಕಟ್ಟು ಬೀಡಿ ಇಟ್ಟರು. ಪಕ್ಕದಲ್ಲಿ ಸ್ಟೀಲ್ ಲೋಟದ ಕಂಠದವರೆಗೆ ಟೀ. ಲೋಟದಲ್ಲಿ ಒಂದು ಗುಟುಕು ಕಮ್ಮಿಯಾದರೂ ನಂಜಣ್ಣ ಮುಖ ಸಣ್ಣಗೆ ಮಾಡುತ್ತಿದ್ದರು. ಒಂದು ಹನಿಯೂ ಚೆಲ್ಲದಂತೆ ತುಂಬಿದ್ದನ್ನು ನಾನೇ ನೋಡಿದೆ. ಸತ್ತವರು ಬಂದು ಉಣ್ಣಲಿ ಎಂದು ಎಡೆಯಿಟ್ಟ ಕೋಣೆಯ ಬಾಗಿಲು ಮುಂದೆಮಾಡಿಕೊಂಡು ಹೊರಗೆ ಕಾಯುವುದು ನಮ್ಮ ಕಡೆಯ ಪದ್ಧತಿ. ಹಾಗೇ ಮಾಡಿ ಜಗಲಿಗೆ ಬಂದೆವು.

ಜಗಲಿಯಲ್ಲಿ ಒಂಬತ್ತನೇ ತರಗತಿಯ ಮೂವತ್ತೆಂಟು ಮಕ್ಕಳು ಅದೇ ಗೋಡೆಗೆ ಒರಗಿ ಸಾಲಾಗಿ ಊಟಕ್ಕೆ ಕೂತಿದ್ದರು. ಪಕ್ಕದಲ್ಲಿ ಯಂತ್ರ ಗುಡುಗುತ್ತಿತ್ತು. ಕಾಲು ಗಂಟೆ ಕಳೆಯಿತು. ಗೌರಮ್ಮ ಬಾಗಿಲು ತಟ್ಟಿ, ಕೆಮ್ಮಿ, ಮೆಲ್ಲಗೆ ತೆಗೆದರು.

“ಅಯ್ಯೋ ಶಿವನೇ, ಕುಡ್ದವ್ರೆ! ನೋಡಿ ಮಿಸ್, ಟೀ ಕುಡ್ದವ್ರೆ!”

ಟೀ ಇಳಿದಿತ್ತು. ರೆಕ್ಕೆಯ ಖಾಕಿ ಅಂಚು ಎಂದೂ ಇಲ್ಲದಷ್ಟು ಕೆಳಗೆ ಬಾಗಿತ್ತು. ನಂಜಣ್ಣ ಅಲ್ಲೇ, ಆ ಕಂಬದ ಪಕ್ಕದಲ್ಲೇ ನಿಂತಿದ್ದಾರೆ ಎಂದು ಒಂದು ಕ್ಷಣ ನಾನೂ ನಂಬಿದೆ. ಕೈ ಮುಗಿಯಲು ಹೋದವಳು ಲೋಟದ ಹತ್ತಿರ ಬಗ್ಗಿ ನೋಡಿದೆ. ಟೀ ಒಂದೇ ಕಡೆಯಿಂದ ಚೆಲ್ಲಿತ್ತು. ಗೋಡೆಯ ಬದಿಗೆ ಹರಿದು ಹಲಗೆಯ ಮೂಲೆಯಿಂದ ತೊಟ್ಟಿಕ್ಕುತ್ತಿತ್ತು. ಸಾರೂ ಎಲೆಯ ಆ ತುದಿಗೇ ಸೇರಿತ್ತು. ಟೀಗೆ ದಾರವಿಲ್ಲ, ಗಂಟಿಲ್ಲ, ಹಿಗ್ಗುವುದಿಲ್ಲ. ಅಂದರೆ ವಾಲಿರುವುದು ಹಲಗೆ. ಹಲಗೆಯಿರುವುದು ಕಂಬಕ್ಕೆ. ತಲೆಯೆತ್ತಿ ನೋಡಿದೆ. ಕಂಬದ ತುದಿಗೂ ತೊಲೆಗೂ ನಡುವೆ ಕೈ ತೂರುವಷ್ಟು ಸಂದು ಬಿಟ್ಟು ಹೊರಗಿನ ಬೆಳಕು ಕಾಣುತ್ತಿತ್ತು. ನನ್ನ ಹಣೆಯ ಮೇಲೆ ಮಣ್ಣು ಉದುರಿತು.

ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. “ಏಳಿ! ಎಲ್ಲರೂ ಎದ್ದು ಮೈದಾನಕ್ಕೆ ಓಡಿ!” ಎಂದು ಕಿರುಚಿದೆ. ಒಬ್ಬರಾದರೂ ಏಳಬೇಕಲ್ಲ! ಬಾಯಲ್ಲಿ ತುತ್ತಿಟ್ಟುಕೊಂಡು ನನ್ನ ಮುಖ ನೋಡಿದರು. ಹಿಂದಿನಿಂದ ಬಂದ ಗೌರಮ್ಮ ನನ್ನ ತೋಳು ಹಿಡಿದರು.

“ಏನ್ ಮಿಸ್ ಇದು! ಉಣ್ಣೋ ಮಕ್ಳನ್ನ ಅನ್ನದ ಮುಂದಿಂದ ಎಬ್ಬುಸ್ಬಾರ್ದು. ಪಾಪ ಬತ್ತದೆ. ಕೂತ್ಕಳ್ರಪ್ಪ, ಉಣ್ರಿ.”

ಮಕ್ಕಳು ತಟ್ಟೆಗೆ ತಲೆ ಬಗ್ಗಿಸಿದರು. ಪಾಯ, ಕಂಬ, ತೊಲೆ ಎಂದು ವಿವರಿಸಲು ಹೊತ್ತಿರಲಿಲ್ಲ. ಇದ್ದಬದ್ದ ಉಸಿರೆಲ್ಲ ಸೇರಿಸಿ ಕೂಗಿದೆ.

“ಹಾವು! ಗೋಡೆ ಬುಡದಲ್ಲಿ ಹಾವು! ನಾಗರಹಾವು!”

ಅಬ್ಬಾ, ಆ ಓಟ! ಮೊದಲು ಓಡಿದವರು ಗೌರಮ್ಮನೇ. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಜಗಲಿ ಖಾಲಿ. ಒಬ್ಬ ಹುಡುಗಿ ಮಾತ್ರ ಅರ್ಧಕ್ಕೆ ತಿರುಗಿ ಬಂದು ತಟ್ಟೆ ಎತ್ತಿಕೊಳ್ಳಲು ಬಗ್ಗಿದಳು. “ಮನೆ ತಟ್ಟೆ ಮಿಸ್, ಅವ್ವ ಬಯ್ತಳೆ” ಎಂದಳು. ಅವಳ ಜಡೆ ಹಿಡಿದು ದರದರ ಎಳೆದುಕೊಂಡು ಮೆಟ್ಟಿಲಿಳಿದೆ.

ಮೊದಲು ಸದ್ದೇ ಬರಲಿಲ್ಲ. ಕಂಬ ಮೆಲ್ಲಗೆ ಜಗಲಿಯ ಕಡೆಗೆ ಬಾಗಿತು. ಆಮೇಲೆ ತೊಲೆ, ಹೆಂಚು, ಗೋಡೆ ಎಲ್ಲ ಒಟ್ಟಿಗೆ ಬಿದ್ದವು. ಧೂಳು ಇಳಿದಾಗ ಮಕ್ಕಳು ಕೂತಿದ್ದ ಜಾಗ ಕಾಣಲಿಲ್ಲ, ಬರೀ ಕಲ್ಲು ಮಣ್ಣು. ಮೂರು ಸಲ ತಲೆ ಎಣಿಸಿದೆ. ಮೂವತ್ತೆಂಟೂ ಇದ್ದವು. ಆಮೇಲೆ ಮೈದಾನದ ನಡುವೆ ಕೂತು ಮಕ್ಕಳ ಮುಂದೆಯೇ ಗಟ್ಟಿಯಾಗಿ ಅತ್ತುಬಿಟ್ಟೆ. ಗೌರಮ್ಮ ನನ್ನ ಬೆನ್ನು ಸವರುತ್ತ, “ಆವು ಎಲ್ಲಿತ್ತು ಮಿಸ್?” ಎಂದು ಕೇಳುತ್ತಲೇ ಇದ್ದರು.

ಇಂಜಿನಿಯರು ಬಂದು ನೋಡಿ ಕಾರಣ ಹೇಳಿದರು. ಪಕ್ಕದ ಗುಂಡಿಯಲ್ಲಿ ಮಳೆನೀರು ನಿಂತು ಕಂಬದ ಬುಡದ ಮಣ್ಣು ಸಡಿಲವಾಗಿತ್ತು. ದಿನದಿನಕ್ಕೆ ಅದು ಎಳೆ ಎಳೆಯಾಗಿ ಹೊರಕ್ಕೆ ವಾಲುತ್ತಿತ್ತು. ಬಟ್ಟು ನೇರವಾಗಿಯೇ ನೇತಾಡುತ್ತಿತ್ತು, ವಾಲುತ್ತಿದ್ದದ್ದು ನಾವು. ನಂಜಣ್ಣ ಕಟ್ಟಿದ ಯಂತ್ರ ಆರು ದಿನವೂ ಅದನ್ನೇ ಹೇಳಿತು. ಆರು ದಿನವೂ ನಾನು ಗಂಟು ಬಿಗಿಮಾಡಿ ಅದರ ಬಾಯಿ ಮುಚ್ಚಿದೆ. ಇದನ್ನು ನೆನೆದರೆ ಈಗಲೂ ಊಟ ಮಾಡುತ್ತಿದ್ದ ಕೈ ನಿಂತುಬಿಡುತ್ತದೆ.

ಮುಂದಿನ ಭಾನುವಾರ ಜವರಮ್ಮನನ್ನು ನೋಡಲು ಹೋದೆ. ಅವರು ಇನ್ನೂ ಇಳಿದುಹೋಗಿದ್ದರು. ನಡೆದದ್ದನ್ನೆಲ್ಲ ಹೇಳಿ, “ನಿಮ್ಮ ಯಜಮಾನರ ಕೈಕೆಲಸ ಮೂವತ್ತೆಂಟು ಮಕ್ಕಳ ಜೀವ ಉಳಿಸಿತು” ಎಂದೆ. ಅವರು ನನ್ನ ಹತ್ತಿರಕ್ಕೆ ಸರಿದು ಕೂತರು. ಆಮೇಲೆ ಕೇಳಿದರು.

“ಲೋಟ್ದಾಗೆ ಟೀ ಇಳ್ದಿತ್ತಾ?”

“ಹೂಂ, ಇಳಿದಿತ್ತು.”

“ಅವತ್ತು ಮನೇಲೂ ಎಡೆ ಇಕ್ಕಿದ್ವಿ ಮಿಸ್. ಬಾಗ್ಲು ತಗ್ದ್ರೆ ಎಲ್ಲ ಅಂಗಂಗೇ ಇತ್ತು. ಟೀ ಮ್ಯಾಲೆ ಕೆನೆ ಕಟ್ಟಿತ್ತು, ಒಂದ್ ಗುಟುಕೂ ಮುಟ್ಟಿರ್ನಿಲ್ಲ. ನನ್ ಮ್ಯಾಲೆ ಮುನಿಸ್ಕಂಡು ಬಂದಿಲ್ಲ ಅಂತ ಅವತ್ತಿಂದ ಅನ್ನ ಇಳೀತಿಲ್ಲ ನಂಗೆ.” ಅವರು ನನ್ನ ಕೈ ಹಿಡಿದುಕೊಂಡರು. “ಅಂಗಾರೆ ಅವ್ರು ಅಲ್ಲಿದ್ರಾ ಮಿಸ್?”

ಪಾಯದ ಗುಂಡಿ, ಮಳೆನೀರು, ಸಡಿಲ ಮಣ್ಣು ಎಲ್ಲ ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

“ಇದ್ದರು ಜವರಮ್ಮ” ಎಂದೆ. “ಅಲ್ಲೇ ಇದ್ದರು.”

ಅವರು ಕಣ್ಣೊರೆಸಿಕೊಂಡು ಒಳಗೆ ಹೋದರು. ತಟ್ಟೆಗೆ ಅನ್ನ, ಸಾರು ಹಾಕಿಕೊಂಡು ಬಂದು ನನ್ನೆದುರೇ ಕೂತು ಹೊಟ್ಟೆತುಂಬ ಉಂಡರು. ನಾನಂದದ್ದು ಸುಳ್ಳೋ ನಿಜವೋ ಇವತ್ತಿಗೂ ನನಗೆ ಗೊತ್ತಿಲ್ಲ. ಬೇರೆ ಯಾರಾದರೂ ಕೇಳಿದರೆ ಮಣ್ಣು ಸಡಿಲವಾದ ಕಾರಣವನ್ನೇ ಹೇಳುತ್ತೇನೆ. ಜವರಮ್ಮ ಕೇಳಿದರೆ ಮಾತ್ರ, ಅಲ್ಲೇ ಇದ್ದರು ಎಂದೇ ಮತ್ತೆ ಹೇಳುತ್ತೇನೆ.